ಮನದೊಳಗಿನ ಸಾಕ್ಷಿ



ಮನಸ್ಸಾಕ್ಷಿ ಎಂಬ ನಮ್ಮ ಕನ್ನಡ ಪದದೊಳಗೇ ಒಬ್ಬ ಸಾಕ್ಷಿ ಇದ್ದಾನೆ. ವ್ಯಾಜ್ಯಕ್ಕೆಂದು ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿದವರು ಬಲ್ಲರು: ಸಾಕ್ಷಿಯು ಕಾನೂನನ್ನು ರಚಿಸಲಾರ, ಕಂಡದ್ದನ್ನು ನುಡಿಯುತ್ತಾನೆ, ಅಷ್ಟೆ. ಅನ್ಯಜನರ ಹೃದಯದಲ್ಲಿಯೂ ದೇವರ ಕಟ್ಟಳೆ ಲಿಖಿತವಾಗಿದೆ, ಅದಕ್ಕೆ ಅವರ ಅಂತರಂಗವೇ ಸಾಕ್ಷಿ ಎಂಬುದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 2ನೆಯ ಅಧ್ಯಾಯದ ತಾತ್ಪರ್ಯ. ಆದುದರಿಂದ “ನನಗೆ ಸರಿಯೆನಿಸಿತು, ಮಾಡಿದೆ” ಎಂಬ ಮಾತು ಮನಸ್ಸಾಕ್ಷಿಯದಲ್ಲ, ಬರಿಯ ಮನಸ್ಸಿನದು.

ಸಾಕ್ಷಿಯ ಕಣ್ಣೇ ಮಂದವಾಗಿದ್ದರೆ? ಅರಿಯದೆ ತಪ್ಪಿದ ಮನಸ್ಸಾಕ್ಷಿ ತನ್ನ ಘನತೆಯನ್ನು ಕಳೆದುಕೊಳ್ಳದೆಂದೂ, ಸತ್ಯವನ್ನು ಅರಸುವ ಗೋಜಿಗೇ ಹೋಗದವನಿಗೆ ಈ ಮಾತು ಸಲ್ಲದೆಂದೂ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಬೋಧಿಸಿತು. ಎರಡನೆಯ ಭಾಗವನ್ನು ನಾವು ಜಾಣತನದಿಂದ ಮರೆಯುತ್ತೇವೆ!

ಮರೆಯದವರೊಬ್ಬರಿದ್ದರು. ಆಸ್ಟ್ರಿಯಾದ ರೈತ ಫ್ರಾಂಟ್ಸ್ ಯೇಗರ್‌ಸ್ಟೆಟರ್ ಹಿಟ್ಲರನಿಗಾಗಿ ಆಯುಧ ಹಿಡಿಯಲು ಒಪ್ಪಲಿಲ್ಲ. ಅದು ಆತುರದ ಹಟವಲ್ಲ. ಅವರು ಓದಿದರು, ಪ್ರಾರ್ಥಿಸಿದರು, ಗುರುಗಳನ್ನು ವಿಚಾರಿಸಿದರು. ಸಂಸಾರದ ಹೊಣೆಯನ್ನು ನೆನೆಯೆಂದು ಬಿಷಪರೇ ಬುದ್ಧಿ ಹೇಳಿದ್ದರು. 1943ರ ಆಗಸ್ಟ್ 9ರಂದು ಅವರ ಶಿರಶ್ಛೇದವಾಯಿತು. ಧರ್ಮಸಭೆಯು ಅವರನ್ನು ಧನ್ಯರೆಂದು ಸಾರಿದ್ದು 2007ರಲ್ಲಿ. ಆ ಬಲಿಪೂಜೆಯಲ್ಲಿ 94 ವರ್ಷದ ಅವರ ಪತ್ನಿ ಫ್ರಾನ್ಸಿಸ್ಕಾ ಉಪಸ್ಥಿತರಿದ್ದರು.