ನಿನ್ನ ಮತವೇನು?

ಕಳೆದ ಬೇಸಗೆಯ ಒಂದು ಸಂಜೆ ದರೋಜಿಯ ನಮ್ಮ ಮನೆಗೆ ಹಳೆಯ ಶಿಷ್ಯೆಯೊಬ್ಬಳು ಬಂದಳು. ದಾದಿಯ ಶಿಕ್ಷಣ ಮುಗಿಸಿ ಬ್ರಿಟನ್ನಿಗೆ ಹೋಗಬೇಕೆಂದಿದ್ದವಳು. “ಸರ್, ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ಆರು ಬಂತು, ಆರೂವರೆ ಬೇಕಿತ್ತು” ಎಂದಳು. ಅಪ್ಪ ಶೇಂಗಾ ಮಾರಿದ ಹಣ ಶುಲ್ಕಕ್ಕೆ ಸಂದಿತ್ತು. ಕನ್ನಡ ಪಂಡಿತನ ಬಳಿಗೆ ಇಂಗ್ಲಿಷಿಗಾಗಿ ಬಂದಳೇ ಎಂದು ನೀವು ನಗಬಹುದು. ನಾನೂ ನಕ್ಕೆ. ಅವಳು ನಗಲಿಲ್ಲ.

ಐಇಎಲ್‌ಟಿಎಸ್ ಎಂಬ ಈ ಪರೀಕ್ಷೆಯಲ್ಲಿ ಬರವಣಿಗೆಗೆ 60 ನಿಮಿಷ, ಎರಡು ಪ್ರಶ್ನೆ. ಎರಡನೆಯದು ಅಭಿಪ್ರಾಯದ ಪ್ರಬಂಧ: ಕನಿಷ್ಠ 250 ಪದ, ಸುಮಾರು 40 ನಿಮಿಷ, ಮೊದಲನೆಯದಕ್ಕಿಂತ ಎರಡರಷ್ಟು ತೂಕ. ಪ್ರಶ್ನೆಗೆ ಉತ್ತರ, ವಿಚಾರದ ಜೋಡಣೆ, ಶಬ್ದಸಂಪತ್ತು, ವ್ಯಾಕರಣ ಎಂಬ ನಾಲ್ಕನ್ನೂ ಸಮವಾಗಿ ನೋಡುತ್ತಾರೆ.

ಅವಳು ಅಭ್ಯಾಸಕ್ಕೆ ಬರೆದ ಪ್ರಬಂಧವನ್ನು ತೋರಿಸಿದಳು. ಕಾಡುಮೃಗಗಳಿಗೆ ನೆಲ ಮೀಸಲಿಡಬೇಕೆಂಬುದನ್ನು ಒಪ್ಪುವಿರಾ ಎಂಬುದು ಪ್ರಶ್ನೆ. “ಅನಾದಿಕಾಲದಿಂದಲೂ ಮಾನವನು” ಎಂದು ಮೊದಲು. ಅತ್ತ ಅರ್ಧ, ಇತ್ತ ಅರ್ಧ. “ಎರಡರಲ್ಲಿಯೂ ಗುಣದೋಷಗಳಿವೆ” ಎಂದು ಮುಕ್ತಾಯ. ವ್ಯಾಕರಣದ ತಪ್ಪು ಕಡಿಮೆ. ಅವಳ ಅಭಿಪ್ರಾಯ ಮಾತ್ರ ಎಲ್ಲಿಯೂ ಇರಲಿಲ್ಲ.

ಆ ಅಚ್ಚು ನನ್ನದೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವನು ನಾನು. “ನೀನೇನನ್ನುತ್ತೀ?” ಎಂದು ಯಾವ ಮಗುವನ್ನೂ ಕೇಳಿರಲಿಲ್ಲ.

ಆಗ ನನಗೆ ನಮ್ಮ ನ್ಯಾಯಶಾಸ್ತ್ರದ ಐದು ಅವಯವಗಳು ನೆನಪಾದವು. ಬೆಟ್ಟದಲ್ಲಿ ಬೆಂಕಿಯಿದೆ, ಇದು ಪ್ರತಿಜ್ಞೆ. ಹೊಗೆ ಕಾಣುವುದರಿಂದ, ಇದು ಹೇತು. ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಂತೆ, ಇದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂಥ ಹೊಗೆಯಿದೆ, ಉಪನಯ. ಆದ್ದರಿಂದ ಬೆಂಕಿಯಿದೆ, ನಿಗಮನ. ಇದಕ್ಕೆ ಪೂರ್ವಪಕ್ಷವನ್ನು ಸೇರಿಸಬೇಕು. ಎದುರಾಳಿಯ ಮಾತನ್ನು ಅವನೇ ಮೆಚ್ಚುವಂತೆ ಹೇಳಿ, ಅನಂತರ ಉತ್ತರ ಕೊಡಬೇಕು.

“1994ರಿಂದ ನಮ್ಮೂರ ಮಗ್ಗುಲಲ್ಲೇ ಕರಡಿಧಾಮವಿದೆ. ನಿಮ್ಮ ಹೊಲಕ್ಕೆ ಕರಡಿ ಬಂದಿತ್ತೇನವ್ವಾ?” ಎಂದೆ.

“ಬಂದಿತ್ತು ಸರ್. ಶೇಂಗಾ ಹಾಳು ಮಾಡಿತ್ತು.”

“ಆದರೂ ಧಾಮ ಬೇಕೆನ್ನುತ್ತೀಯಾ?”

ಬಹಳ ಹೊತ್ತು ಸುಮ್ಮನಿದ್ದಳು. “ಬೇಕು ಸರ್. ಗುಡ್ಡದ ಕುರುಚಲು ಕಾಡಿನಲ್ಲಿ ಹಣ್ಣು, ಗೆದ್ದಲು ಸಿಕ್ಕರೆ ಅದು ಹೊಲಕ್ಕೇಕೆ ಬರುತ್ತದೆ? ಕಾಡು ಉಳಿದರೆ ರೈತನಿಗೂ ಲಾಭ. ಆದರೆ ಬೆಳೆ ಕಳೆದುಕೊಂಡವನಿಗೆ ಪರಿಹಾರ ತಡವಾಗಬಾರದು.”

“ಇದನ್ನೇ ಬರೆ” ಎಂದೆ. ಪ್ರತಿಜ್ಞೆ ಮೊದಲ ಪರಿಚ್ಛೇದದಲ್ಲಿಯೇ ಬರಲಿ. ಪರಿಚ್ಛೇದಕ್ಕೊಂದು ಹೇತು, ಅದಕ್ಕೊಂದು ಕಂಡ ಉದಾಹರಣೆ. ಅಪ್ಪನ ನಷ್ಟವೇ ಪೂರ್ವಪಕ್ಷ; ಅದನ್ನು ಮರೆಮಾಚಬೇಡ. ಬರೆಯುವ ಮುನ್ನ ಐದು ನಿಮಿಷ ಯೋಚಿಸು. ಕಂಠಪಾಠದ ವಾಕ್ಯಗಳನ್ನು ಪರೀಕ್ಷಕರು ಗುರುತಿಸುತ್ತಾರೆ. ಇಂಗ್ಲಿಷ್ ತಿದ್ದುವುದಕ್ಕೆ ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟರು ಒಪ್ಪಿಕೊಂಡರು.

ಎರಡನೆಯ ಸಲ ಅವಳಿಗೆ ಆರೂವರೆ ಬಂತು. ಸಂತೋಷವೇ. ಆದರೆ ಅರ್ಧ ಅಂಕಕ್ಕಾಗಿ ಅವಳು ಕಲಿತದ್ದನ್ನು ನಾನು ಹತ್ತನೆಯ ತರಗತಿಯಲ್ಲಿಯೇ ಕಲಿಸಬೇಕಾಗಿತ್ತು. ಈಗ ಪ್ರತಿ ಪ್ರಬಂಧದ ಕೊನೆಯಲ್ಲಿ ಕೆಂಪು ಶಾಯಿಯಿಂದ “ನಿನ್ನ ಮತವೇನು?” ಎಂದು ಬರೆಯುತ್ತೇನೆ. ಮೊದಮೊದಲು ಮಕ್ಕಳು ಪಕ್ಕದವರ ಪುಸ್ತಕ ನೋಡುತ್ತಾರೆ. ನಿಮ್ಮ ಮನೆಯ ಮಕ್ಕಳನ್ನೂ ಊಟದ ಹೊತ್ತಿನಲ್ಲಿ ಒಮ್ಮೆ ಹೀಗೆ ಕೇಳಿ; ಅವರು ಉತ್ತರ ಹೇಳುವವರೆಗೂ ಕಾಯಿರಿ.