ಕಾರ್ತಿಕದ ಮೈಕಿಗೆ ಯಾವ ಹಾಡು?



ನವರಾತ್ರಿ ಮುಗಿದಿದೆ, ಭೂಮಿ ಹುಣ್ಣಿಮೆ ಹತ್ತಿರ ಬಂದಿದೆ. ಶಿವಮೊಗ್ಗ, ಭದ್ರಾವತಿ, ನಮ್ಮ ಎರಡೂ ಊರುಗಳಲ್ಲಿ ಇನ್ನು ಒಂದೂವರೆ ತಿಂಗಳು ಮೈಕಿಗೆ ಬಿಡುವಿಲ್ಲ. ದೀಪಾವಳಿ, ರಾಜ್ಯೋತ್ಸವ, ಬಡಾವಣೆಯ ಸಂಘದ ವಾರ್ಷಿಕೋತ್ಸವ, ತುಳಸಿ ಹಬ್ಬ ಕಳೆದರೆ ಮದುವೆ ಮನೆಗಳು. ಹಿಂದೆ ಇಂಥ ಕಡೆಗೆಲ್ಲ ಆರ್ಕೆಸ್ಟ್ರಾದವರು ಡ್ರಮ್ಮು, ಕೀಬೋರ್ಡು ಹೊತ್ತು ಬರುತ್ತಿದ್ದರು. ಈಗ ಒಂದು ಫೋನು, ಎರಡು ಸ್ಪೀಕರು. ‘ಟ್ರ್ಯಾಕ್ ಹಾಕಿ’ ಅಂದರೆ ಸಾಕು, ಹಾಡು ಶುರು.

ಇದನ್ನು ಕಂಡು ಬೇಸರಪಡುವವರಿದ್ದಾರೆ. ನಾನು ಅವರಲ್ಲೊಬ್ಬಳಲ್ಲ. ಆರ್ಕೆಸ್ಟ್ರಾದ ಕಾಲದಲ್ಲಿ ವೇದಿಕೆಯ ಮೆಟ್ಟಿಲು ಹತ್ತದೆ ಉಳಿದ ಎಷ್ಟೋ ಗೃಹಿಣಿಯರು, ನಿವೃತ್ತ ಕಾರ್ಮಿಕರು, ಮಾಸ್ತರರು ಇವತ್ತು ಕರೋಕೆಯ ದೆಸೆಯಿಂದ ಬಾಯ್ತುಂಬ ಹಾಡುತ್ತಿದ್ದಾರೆ. ನನಗೆ ಚಿಂತೆಯಿರುವುದು ಹಾಡನ್ನು ಆರಿಸುವ ವಿಷಯದಲ್ಲಿ. ಫೋನಿನಲ್ಲಿ ಮೊದಲು ಕಂಡ ಟ್ರ್ಯಾಕನ್ನು ಒತ್ತುತ್ತೇವೆ. ನಮ್ಮ ಗಂಟಲಿಗೆ ಅದು ಹೊಂದುತ್ತದೆಯೆ, ಈ ಹೊತ್ತಿಗೆ, ಈ ಜನಕ್ಕೆ ಅದು ಬೇಕೆ ಎಂದು ಕೇಳಿಕೊಳ್ಳುವುದಿಲ್ಲ. ಅರ್ಧ ಹಾಡುಗಾರಿಕೆ ಇರುವುದು ಆ ಪ್ರಶ್ನೆಯಲ್ಲಿಯೇ.

ಕರೋಕೆ ಹುಟ್ಟಿದ ಕಥೆಯನ್ನು ಇಲ್ಲಿ ನೆನೆಯಬೇಕು. ಜಪಾನಿ ಮಾತಿನಲ್ಲಿ ‘ಕರಾ’ ಅಂದರೆ ಬರಿದು. ‘ಓಕೆ’ ಎಂಬುದು ಆರ್ಕೆಸ್ಟ್ರಾ ಪದದ ತುಂಡು. ಕೋಬೆ ನಗರದಲ್ಲಿ ಇನೋವೆ ದೈಸುಕೆ ಎಂಬ ವಾದಕ ಪಾನಗೃಹಗಳಲ್ಲಿ ಹಾಡುವ ಗಿರಾಕಿಗಳಿಗೆ ಪಕ್ಕವಾದ್ಯ ನುಡಿಸುತ್ತಿದ್ದ. ಒಂದು ಕಂಪನಿಯ ಯಜಮಾನ ತನ್ನ ಪ್ರವಾಸಕ್ಕೆ ಅವನನ್ನು ಕರೆದ. ಹೋಗಲು ಆಗದ ಇನೋವೆ, ಆ ಮನುಷ್ಯನ ದನಿಯ ಅಳತೆಗೆ ಸರಿಯಾಗಿ ವಾದ್ಯಗಳನ್ನಷ್ಟೆ ನುಡಿಸಿ ಟೇಪು ಮಾಡಿಕೊಟ್ಟ. 1971ರಲ್ಲಿ ಅದೇ ಯೋಚನೆ ನಾಣ್ಯ ಹಾಕಿದರೆ ನುಡಿಯುವ ಪೆಟ್ಟಿಗೆಯಾಯಿತು. ನಾನು ಹಿಡಿದುಕೊಳ್ಳುವುದು ಒಂದನ್ನೇ: ಆ ಮೊದಲ ಟೇಪು ಒಬ್ಬ ಸಾಮಾನ್ಯ ಹಾಡುಗಾರನ ಶ್ರುತಿಗೆ ಅಳೆದು ಹೊಲಿದ ಅಂಗಿಯಾಗಿತ್ತು. ನಾವಿಂದು ಹಾಕುವ ಟ್ರ್ಯಾಕು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ, ಎಸ್. ಜಾನಕಿ ಅವರ ಅಳತೆಗೆ ಹೊಲಿದದ್ದು. ಅದನ್ನು ಹಾಗೇ ತೊಟ್ಟುಕೊಂಡು ತೋಳು ಬಿಗಿಯಿತು ಎಂದು ಒದ್ದಾಡುತ್ತೇವೆ.

ಹಾರ್ಮೋನಿಯಂ ಮುಟ್ಟಿದವರಿಗೆ ಈ ಲೆಕ್ಕ ಗೊತ್ತು. ಗಂಡಸರ ಶ್ರುತಿ ಸಾಮಾನ್ಯವಾಗಿ ಬಿಳಿ ಒಂದರ ಆಸುಪಾಸು, ಹೆಂಗಸರದು ಬಿಳಿ ಐದರ ಆಸುಪಾಸು. ಯಕ್ಷಗಾನದ ಭಾಗವತರು ತಮ್ಮ ಶ್ರುತಿ ತಿಳಿಯದೆ ರಂಗಕ್ಕೆ ಬರುವುದನ್ನು ಊಹಿಸಲಿಕ್ಕೂ ಆಗುವುದಿಲ್ಲ. ಕರೋಕೆಯವರು ಮಾತ್ರ ಕೇಳುವುದೇ ಇಲ್ಲ. ಟ್ರ್ಯಾಕನ್ನು ಅರ್ಧ ಅರ್ಧ ಸ್ವರದಂತೆ, ಅಂದರೆ ಒಂದೊಂದು ಮನೆಯಂತೆ, ಇಳಿಸುವ, ಏರಿಸುವ ಸೌಕರ್ಯ ಈಗ ಕೈಯಲ್ಲೇ ಇದೆ. ಎರಡು ಮನೆ ಇಳಿಸಿದರೆ ಯಾರಿಗೂ ಗೊತ್ತಾಗದು. ನಾಲ್ಕು ಮನೆ ದಾಟಿದರೆ ವಾದ್ಯಗಳ ದನಿ ಕೆಡುತ್ತದೆ. ಅಷ್ಟು ಇಳಿಸಬೇಕಾಗಿ ಬಂದರೆ ಆ ಹಾಡು ನಮ್ಮದಲ್ಲ, ಬಿಡಬೇಕು. ಇನ್ನೊಂದು ಮಾತು. ಪಲ್ಲವಿಯನ್ನು ಗುನುಗಿ ಹಾಡು ಆರಿಸಬೇಡಿ. ಪಲ್ಲವಿ ಎಲ್ಲರಿಗೂ ಬರುತ್ತದೆ. ಗಂಟಲು ಸಿಕ್ಕಿಕೊಳ್ಳುವುದು ಚರಣ ಮೇಲೇರುವ ಕಡೆ. ಮನೆಯಲ್ಲಿ ಮೊದಲು ಚರಣ ಹಾಡಿ ನೋಡಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ದೊಡ್ಡ ಪರೀಕ್ಷೆ ‘ಕಾಡು ಕುದುರೆ’. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ಚಂದ್ರಶೇಖರ ಕಂಬಾರರ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ತಂದ ಹಾಡು ಅದು. ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗ ಅವರು. 2022ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡ ಮೇಲೆ ನಮ್ಮೂರಿನ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಪ್ರೀತಿಯಿಂದ ಎತ್ತಿಕೊಳ್ಳುತ್ತಾರೆ, ನಡುವೆ ಉಸಿರು ಸಾಲದೆ ನಿಲ್ಲುತ್ತಾರೆ. ಸುಬ್ಬಣ್ಣನವರನ್ನು ನೆನೆಯಬೇಕೆಂದರೆ ಅವರು ಹಾಡಿದ ಭಾವಗೀತೆಗಳು ಎಷ್ಟೋ ಇವೆ, ನಿಧಾನವಾದವು, ನಮ್ಮ ಎಟುಕಿಗೆ ಸಿಗುವಂಥವು. ಅವುಗಳಲ್ಲೊಂದನ್ನು ಶುದ್ಧವಾಗಿ ಹಾಡಿದರೆ ಅದೇ ದೊಡ್ಡ ಗೌರವ.

ಇನ್ನು ಋತುವಿನ ಮಾತು. ಜಪಾನಿನವರಲ್ಲಿ ಶರತ್ಕಾಲಕ್ಕೆಂದೇ ಹಾಡುಗಳಿವೆ. ಅವರಲ್ಲಿ ಹೈಕು ಕವಿತೆಗೆ ಋತುಸೂಚಕ ಪದ ಬೇಕೆಂಬ ಹಳೆಯ ಕಟ್ಟಳೆ ಇದೆ. ಆ ಅಭ್ಯಾಸ ಜನಪ್ರಿಯ ಹಾಡುಗಳಿಗೂ ಹರಿದು ಬಂದಿದೆ. ಸಾದಾ ಮಸಾಶಿ ಬರೆದು 1977ರಲ್ಲಿ ಯಾಮಾಗುಚಿ ಮೊಮೊಎ ಹಾಡಿದ ‘ಕಾಸ್ಮೋಸು’ ಎಂಬ ಹಾಡಿದೆ. ನಾಳೆ ಗಂಡನ ಮನೆಗೆ ಹೊರಡುವ ಮಗಳು, ಹಳೆಯ ಫೋಟೊಗಳನ್ನು ತಿರುವುತ್ತ ಅದೇ ಮಾತನ್ನು ಮತ್ತೆ ಮತ್ತೆ ಹೇಳುವ ತಾಯಿ, ಅಂಗಳದಲ್ಲಿ ಅರಳಿದ ಕಾಸ್ಮಾಸ್ ಹೂವು. ಆ ಹೂವು ನಮ್ಮ ಮಲೆನಾಡಿನ ಅಂಗಳಗಳಲ್ಲೂ ಮಳೆ ಬಿಟ್ಟ ಮೇಲೆ ಅರಳುತ್ತದೆ, ಆ ತಾಯಿಯೂ ನಮ್ಮಲ್ಲಿದ್ದಾಳೆ. ‘ಅಕಾ ತೊಂಬೊ’ ಇನ್ನೂ ಹಳೆಯದು. ಮಿಕಿ ರೊಫು 1921ರಲ್ಲಿ ಬರೆದ ಕವಿತೆಗೆ ಯಾಮಾದಾ ಕೋಸಾಕು 1927ರಲ್ಲಿ ರಾಗ ಹಾಕಿದ. ಸಂಜೆಯ ಕೆಂಪು ಡ್ರ್ಯಾಗನ್‌ಫ್ಲೈ; ನಾವು ಚಿಕ್ಕವರಿದ್ದಾಗ ಏರೋಪ್ಲೇನ್ ಚಿಟ್ಟೆ ಅನ್ನುತ್ತಿದ್ದೆವಲ್ಲ, ಅದು. ಅದನ್ನು ಕಂಡಾಗ ಕವಿಗೆ, ತನ್ನನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸಿದ ಹುಡುಗಿಯ ನೆನಪು. ಅವಳಿಗೆ ಹದಿನೈದಕ್ಕೇ ಮದುವೆಯಾಯಿತು, ಆಮೇಲೆ ಸುದ್ದಿಯೇ ಇಲ್ಲ.

ನಮ್ಮ ಕಾಲೇಜು ಹುಡುಗ ಹುಡುಗಿಯರು ಅನಿಮೆ ನೋಡಿ ಜಪಾನಿ ಹಾಡುಗಳನ್ನು ಕಲಿಯುತ್ತಿದ್ದಾರೆ. ಅದಕ್ಕೆ ಮೂಗು ಮುರಿಯಬಾರದು. ಜಪಾನಿ ಹಾಡು ಕನ್ನಡದ ಬಾಯಿಗೆ ಸುಲಭ. ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ನಮ್ಮ ಅಕ್ಷರಗಳಲ್ಲಿ ಹೆಚ್ಚುಕಡಿಮೆ ಉಚ್ಚಾರ ಕೆಡದಂತೆ ಬರೆದುಕೊಳ್ಳಬಹುದು. ಆ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಅಬ್ಬರದ ಹಾಡಿನ ಜೊತೆಗೆ ಕೆಂಪು ಏರೋಪ್ಲೇನ್ ಚಿಟ್ಟೆಯ ಹಾಡನ್ನೂ ಕಲಿಯಿರಿ, ಅರ್ಥವನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳಿ ಆಮೇಲೆ ಹಾಡಿ. ಅಜ್ಜಿಯರೂ ಕೇಳುತ್ತಾರೆ.

ನಮ್ಮ ಶರದೃತುವಿಗೆ ನಾವೇನು ಹಾಡುತ್ತೇವೆ? ಹೆಚ್ಚಾಗಿ ಮಳೆ ಹಾಡು. 2006ರ ‘ಮುಂಗಾರು ಮಳೆ’ಯ ಹಾಡುಗಳು ನನಗೂ ಇಷ್ಟ. ಆದರೆ ಆಶ್ವಯುಜ, ಕಾರ್ತಿಕದಲ್ಲಿ ಎದುರಿಗೆ ಕೂತವರು ಯಾರು ಎಂದು ನೋಡಬೇಡವೆ? ನಾಲ್ಕು ತಿಂಗಳ ಮಳೆ ಉಂಡವರು, ಕೊಳೆರೋಗಕ್ಕೆ ಔಷಧಿ ಹೊಡೆದು ದಣಿದವರು. ಗದ್ದೆಯಲ್ಲಿ ಭತ್ತ ತೆನೆ ಕಟ್ಟಿದೆ, ಕೊನೆ ಕೊಯ್ಲು ಶುರುವಾಗಿ ಅಡಿಕೆ ಅಂಗಳಕ್ಕೆ ಬಂದಿದೆ. ಅಡಿಕೆ ಒಣಹಾಕಿ ಆಕಾಶ ನೋಡುತ್ತ ಕೂತವನ ಮುಂದೆ ಮಳೆಯನ್ನು ಕರೆಯುವ ಹಾಡು ಬೇಡ. ಅವನ ಮನಸ್ಸಿಗೆ ಈಗ ಬೇಕಾದದ್ದು ಬೆಳದಿಂಗಳು, ದೀಪ.

ಇವೆರಡಕ್ಕೂ ಕನ್ನಡದಲ್ಲಿ ಬಡತನವಿಲ್ಲ. ‘ಹುಲಿಯ ಹಾಲಿನ ಮೇವು’ ಚಿತ್ರಕ್ಕೆ ಡಾ. ರಾಜ್‌ಕುಮಾರ್ ಹಾಡಿದ ಬೆಳದಿಂಗಳ ಹಾಡಿದೆ. ‘ಪಾವನ ಗಂಗಾ’ ಚಿತ್ರದ ಆಕಾಶದೀಪದ ಹಾಡಿದೆ; ಕಾರ್ತಿಕದಲ್ಲಿ ಮನೆ ಮುಂದೆ ಆಕಾಶಬುಟ್ಟಿ ತೂಗಿರುವಾಗ ಅದಕ್ಕಿಂತ ಹೊಂದುವುದು ಯಾವುದು? ಡಿ.ಎಸ್. ಕರ್ಕಿಯವರ ‘ಹಚ್ಚೇವು ಕನ್ನಡದ ದೀಪ’ ರಾಜ್ಯೋತ್ಸವದ ಹಾಡೂ ಹೌದು, ಕಾರ್ತಿಕದ ಹಾಡೂ ಹೌದು. ‘ನಿತ್ಯೋತ್ಸವ’ವಂತೂ ನಮ್ಮ ಮನೆಯದೇ. ಇಲ್ಲಿಯ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆಯಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಮನೆಮನೆ ಸೇರಿತು. ಜೋಗ, ತುಂಗೆ ಎರಡೂ ಅದರಲ್ಲಿವೆ. ಇಂಥ ಹಾಡುಗಳನ್ನು ಗುಂಪಿನಲ್ಲಿ ಹಾಡಿದರೆ ಶ್ರುತಿಯ ಕಷ್ಟವೂ ಕಡಿಮೆ. 2022ರ ಅಕ್ಟೋಬರ್ 28ರಂದು ರಾಜ್ಯದಾದ್ಯಂತ ಕೋಟಿ ಕಂಠ ಗಾಯನ ನಡೆದಾಗ ಆರು ಹಾಡುಗಳನ್ನು ಜನ ಒಟ್ಟಿಗೆ ಹಾಡಿದರು. ಒಬ್ಬೊಬ್ಬರ ಶ್ರುತಿ ಒಂದೊಂದು ಇದ್ದರೂ ಗುಂಪಿನಲ್ಲಿ ಅದು ತಾನೇ ಕೂಡಿಕೊಂಡಿತು.

ಭದ್ರಾವತಿಯ ಸಂಗತಿ ಸ್ವಲ್ಪ ಬೇರೆ, ನನಗೆ ಬಹಳ ಪ್ರಿಯವಾದದ್ದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉರಿ ಹೊತ್ತಿಸಿತು, ಆಮೇಲೆ ಕಾಗದದ ಕಾರ್ಖಾನೆ ಬಂತು. ಅವುಗಳ ಜೊತೆ ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನವರು ಬಂದು ನೆಲೆಸಿದರು. 1965ರಲ್ಲಿ ಅಲ್ಲಿ ಆಕಾಶವಾಣಿ ಆರಂಭವಾಯಿತು. ಕ್ವಾರ್ಟರ್ಸಿನ ಮಕ್ಕಳು ಕನ್ನಡದ ಹಾಡುಗಳನ್ನು ಕಲಿತದ್ದು ಆ ರೇಡಿಯೊದಿಂದ. ಕಾಗದದ ಕಾರ್ಖಾನೆ ನಿಂತಿತು, ಕಬ್ಬಿಣದ್ದು ಸೊರಗಿತು, ಹಾಡು ಉಳಿದಿದೆ. ಹೋದ ವರ್ಷದ ರಾಜ್ಯೋತ್ಸವದಲ್ಲಿ ತಮಿಳು ಮನೆಮಾತಿನ ನಿವೃತ್ತ ಕಾರ್ಮಿಕರೊಬ್ಬರು ನಾನು ಆಗಲೇ ಹೇಳಿದ ಆ ಬೆಳದಿಂಗಳ ಹಾಡನ್ನು ಹಾಡಿದರು. ಮೈಕು ಹಿಡಿಯುವ ಮುಂಚೆ ಟ್ರ್ಯಾಕ್ ಹಾಕುವ ಹುಡುಗನಿಗೆ, ‘ಎರಡು ಮನೆ ಇಳಿಸಪ್ಪಾ’ ಅಂದರು. ಎಪ್ಪತ್ತು ದಾಟಿದ ಗಂಟಲು, ಒಂದು ಸ್ವರವೂ ಜಾರಲಿಲ್ಲ. ಕುರ್ಚಿ ಮಡಚುತ್ತಿದ್ದವರು ಕೂಡ ಕೈ ನಿಲ್ಲಿಸಿ ಕೇಳಿದರು.

ಕೊನೆಯದಾಗಿ, ಟ್ರ್ಯಾಕೇ ಇಲ್ಲದ ಹಾಡುಗಳು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರನ್ನು ನೀವು ಬಲ್ಲಿರಿ. ಮುಚ್ಚಿದ ಬಾಗಿಲ ಮುಂದೆ ಒಂದು ಪದ, ಬಾಗಿಲು ತೆರೆದ ಮೇಲೆ ಇನ್ನೊಂದು. ಯಾವ ಹೊತ್ತಿಗೆ, ಯಾವ ಮನೆಗೆ ಯಾವ ಹಾಡು ಎಂಬುದನ್ನು ಅವರಷ್ಟು ಚೆನ್ನಾಗಿ ತಿಳಿದವರು ಇಲ್ಲ. ಎತ್ತುಗಡೆ ಒಬ್ಬರದು, ಹಿಂದಿನಿಂದ ದನಿಗೂಡಿಸುವವರು ಉಳಿದವರು. ಶ್ರುತಿಯನ್ನು ಮುಂದಿನವರ ಗಂಟಲೇ ಗೊತ್ತು ಮಾಡುತ್ತದೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯುತ್ತ ಹೆಂಗಸರು ಹೇಳುವ ಪದಗಳೂ ಹಾಗೆಯೇ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಈ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಅಜ್ಜನ ಹತ್ತಿರ, ದೊಡ್ಡಮ್ಮನ ಹತ್ತಿರ ಕೂತು ಒಂದು ಪದವನ್ನಾದರೂ ಬಾಯಿಪಾಠ ಮಾಡಿಕೊಂಡು ಬನ್ನಿ. ರಾಜ್ಯೋತ್ಸವದ ವೇದಿಕೆಯಲ್ಲಿ ಸರದಿ ಬಂದಾಗ ಫೋನನ್ನು ಪಕ್ಕಕ್ಕಿಟ್ಟು ಅದನ್ನು ಎತ್ತಿಕೊಳ್ಳಿ. ಹಿಂದಿನಿಂದ ದನಿಗೂಡಿಸಲು ನಾವಿದ್ದೇವೆ.