ಕೊನೆಯ ಸಾಲಿಗೆ ಡೋಲಿನ ಸದ್ದು

ಢಂ! ಡೋಲಿಗೆ ಪೆಟ್ಟು ಬಿತ್ತು, ಇಪ್ಪತ್ತು ಹುಟ್ಟುಗಳು ಒಟ್ಟಿಗೆ ನೀರಿಗಿಳಿದವು. ಢಂ! ಮತ್ತೆ ಇಪ್ಪತ್ತೂ ಒಟ್ಟಿಗೆ. ಮುಂದೆ ಡ್ರ್ಯಾಗನ್ ತಲೆ, ಹಿಂದೆ ಬಾಲ ಹೊತ್ತ ಉದ್ದನೆಯ ದೋಣಿ ನೀರು ಸೀಳಿಕೊಂಡು ಹೊರಟೇಬಿಟ್ಟಿತು.

ಇದು ಚೀನಾದ ದುವಾನ್‌ವು ಹಬ್ಬ. ಅವರ ಪಂಚಾಂಗದ ಐದನೇ ತಿಂಗಳ ಐದನೇ ದಿನ ಬರುತ್ತದೆ. ಹೆಚ್ಚಿನ ವರ್ಷ ನಮ್ಮ ಜ್ಯೇಷ್ಠ ಶುದ್ಧ ಪಂಚಮಿಯ ಆಸುಪಾಸು. ಎರಡು ಸಾವಿರ ವರ್ಷಗಳಿಗೂ ಹಿಂದೆ ಚು ಯುವಾನ್ ಎಂಬ ಕವಿ ತನ್ನ ನಾಡಿಗೆ ಬಂದ ಕೇಡಿಗೆ ನೊಂದು ಮಿಲುವೊ ನದಿಯ ಪಾಲಾದನಂತೆ. ಊರವರು ದೋಣಿ ಹತ್ತಿ ಹುಡುಕಿದರಂತೆ, ಅವನಿಗಾಗಿ ಅನ್ನವನ್ನು ನೀರಿಗೆ ಹಾಕಿದರಂತೆ. ಇಂದಿಗೂ ಆ ದಿನ ದೋಣಿಗಳು ಸ್ಪರ್ಧೆಗಿಳಿಯುತ್ತವೆ, ಎಲೆಯಲ್ಲಿ ಸುತ್ತಿ ಕಟ್ಟಿದ ಅಂಟಕ್ಕಿಯ ಕಡುಬು ಬೇಯುತ್ತದೆ. ಬಾಗಿಲಿಗೆ ಬಜೆ ಎಲೆ ಕಟ್ಟುತ್ತಾರೆ. ಹೌದು, ನಮ್ಮ ಅಜ್ಜಿಯರು ಎಳೆಮಕ್ಕಳಿಗೆ ತೇಯುತ್ತಿದ್ದರಲ್ಲ, ಅದೇ ಬಜೆ!

ನನಗೆ ಬಲು ಇಷ್ಟ ಆ ಡೋಲು. ಸ್ಪರ್ಧೆಯ ದೋಣಿ ಸುಮಾರು 12 ಮೀಟರ್ ಉದ್ದ. ಸಾಲಿಗೆ ಇಬ್ಬರಂತೆ ಹತ್ತು ಸಾಲು. ಡೋಲು ಬಾರಿಸುವವರು ಮುಂತುದಿಯಲ್ಲಿ, ತಂಡದ ಕಡೆಗೆ ಮುಖ ಮಾಡಿ ಕೂತಿರುತ್ತಾರೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಭಾಗಿಸಿ ನೋಡಿ: ಕೊನೆಯ ಸಾಲಿಗೆ ಮುಟ್ಟಲು ಒಂದು ಸೆಕೆಂಡಿನಲ್ಲಿ ಸುಮಾರು ಮೂವತ್ತನೇ ಒಂದು ಪಾಲು ಸಾಕು. ಕಣ್ಣು ಮಿಟುಕಿಸಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು! ಆದರೂ ಪಳಗಿದವರು ಕಿವಿಯೊಂದನ್ನೇ ನೆಚ್ಚುವುದಿಲ್ಲ. ಮುಂದಿನ ಜೋಡಿಯ ಹುಟ್ಟು ಯಾವಾಗ ಏಳುತ್ತದೆ, ಯಾವಾಗ ಮುಳುಗುತ್ತದೆ ಎಂದು ಕಣ್ಣಿಟ್ಟಿರುತ್ತಾರೆ. ಬೆಳಕಿಗೆ ಈ ದೂರ ಒಂದು ದೂರವೇ ಅಲ್ಲ.

ಇಷ್ಟೊಂದು ತಾಳ ಏಕೆ? ಬಕೆಟ್ಟಿನ ನೀರಿನಲ್ಲಿ ಅಂಗೈ ಅಗಲಿಸಿ ಹಿಂದಕ್ಕೆ ತಳ್ಳಿ. ನೀರು ನಿಮ್ಮ ಕೈಯನ್ನು ಎದುರು ತಳ್ಳುತ್ತದೆ, ಅಲ್ಲವೇ? ಕೈಯನ್ನು ಚಾಕುವಿನಂತೆ ಅಂಚಾಗಿ ಹಿಡಿದರೆ ಸುಮ್ಮನೆ ಜಾರಿಹೋಗುತ್ತದೆ. ಹುಟ್ಟಿನ ಅಗಲವಾದ ಅಲಗು ನೀರನ್ನು ಹಿಂದಕ್ಕೆ ನೂಕಿದಷ್ಟೇ ಬಲದಿಂದ ನೀರು ಅದನ್ನು ಮುಂದಕ್ಕೆ ನೂಕುತ್ತದೆ. ನ್ಯೂಟನ್ ಹೇಳಿದ ಮೂರನೇ ನಿಯಮ ಇದೇ. ದೋಣಿಯೊಳಗೆ ಜಾಗ ಇಕ್ಕಟ್ಟು. ಒಬ್ಬರು ತಾಳ ತಪ್ಪಿದರೆ ಸಾಕು, ಹುಟ್ಟಿಗೆ ಹುಟ್ಟು ತಗಲುತ್ತದೆ, ನೂಕುವ ಬಲ ವ್ಯರ್ಥವಾಗುತ್ತದೆ.

1976ರಲ್ಲಿ ಹಾಂಗ್‌ಕಾಂಗ್‌ನ ಸ್ಪರ್ಧೆಗೆ ಜಪಾನಿನ ನಾಗಾಸಾಕಿಯಿಂದ ತಂಡವೊಂದು ಬಂತು. ಅಲ್ಲಿಂದಾಚೆಗೆ ಈ ದೋಣಿಗಳು ದೇಶದೇಶಕ್ಕೆ ಹಬ್ಬಿದವು.

ಕೆನಡಾದ ವ್ಯಾಂಕೂವರ್‌ನಲ್ಲಿ ಇದೇ ದೋಣಿ ಒಂದು ಪ್ರಯೋಗಕ್ಕೂ ಒದಗಿತು. ಸ್ತನ ಕ್ಯಾನ್ಸರ್‌ನಿಂದ ಗುಣವಾದ ಹೆಂಗಸರು ತೋಳಿಗೆ ಹೆಚ್ಚು ಕೆಲಸ ಕೊಟ್ಟರೆ ತೋಳು ಬಾತುಕೊಳ್ಳುತ್ತದೆ ಎಂದು ಆಗ ಹಲವು ವೈದ್ಯರು ನಂಬಿದ್ದರು. ಡಾನ್ ಮೆಕೆಂಜಿ ಎಂಬ ವೈದ್ಯರು, ನಂಬುವ ಬದಲು ಪರೀಕ್ಷಿಸಿ ನೋಡೋಣ ಎಂದು ಹೊರಟರು. 1996ರಲ್ಲಿ ಅಂಥ 24 ಹೆಂಗಸರು ಅಭ್ಯಾಸ ಮಾಡಿ ಸ್ಪರ್ಧೆಗಿಳಿದರು. ಯಾರ ತೋಳಿಗೂ ಹೊಸದಾಗಿ ಬಾವು ಬರಲಿಲ್ಲ.

ಈಗ ಹಲವು ದೇಶಗಳಲ್ಲಿ ಅಂಥ ತಂಡಗಳಿವೆ. ಅವರ ಕೂಟಗಳಲ್ಲಿ ದೋಣಿಗಳನ್ನು ಒತ್ತೊತ್ತಾಗಿ ತಂದು ನಿಲ್ಲಿಸಿ, ಅಗಲಿದ ಗೆಳತಿಯರ ನೆನಪಿಗೆ ಗುಲಾಬಿ ಬಣ್ಣದ ಹೂಗಳನ್ನು ನೀರಿಗೆ ಬಿಡುತ್ತಾರೆ.